ಒಂಬತ್ತು ಪಿನ್ನಿನ ಪ್ಲಗ್ಗು

ನೆಂಟರ ಬಾಯಲ್ಲಿ ನಮ್ಮಕ್ಕ ‘ಪರದೆ ಸುಟ್ಟವಳು’. ಆ ಹೆಸರಿಟ್ಟವನು ಅವಳ ಗಂಡ, ನನ್ನ ಭಾವ. ಅವನಿಗೆ ಬಹುವಚನ ಕೊಡುವ ಮನಸ್ಸು ನನಗಿಲ್ಲ. ಮನೆಗೆ ಯಾರೇ ಬರಲಿ, ಆ ಕಥೆ ತೆಗೆದು ಹಲ್ಲು ಕಿರಿಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮದುವೆಗೆ ಮೊದಲು ಅಕ್ಕ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತಿದ್ದಳು. ಕಪ್ಪು ಪರದೆ, ಹಸಿರು ಅಕ್ಷರ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು ಭಾವ. ಒಂದು ದಿನ ಅವನು ಬಣ್ಣ ತೋರಿಸುವ ಹೊಸ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದ. ಬಣ್ಣದ ಪರದೆ ಇನ್ನೂ ಬಂದಿರಲಿಲ್ಲ. ಹಳೆಯ ಹಸಿರು ಪರದೆಯ ವೈರನ್ನೇ ಅಕ್ಕನ ಕೈಗೆ ಕೊಟ್ಟು, “ಒಂಬತ್ತು ಪಿನ್ನು, ಒಂಬತ್ತು ತೂತು. ಹೊಂದುತ್ತೆ, ಚುಚ್ಚು” ಅಂದ.

ಹೊಂದಿತು. ಆ ಕಾಲದಲ್ಲಿ ಒಂದೊಂದು ಕಾರ್ಡಿಗೂ ಒಂದೊಂದು ಕಟ್ಟುಪಾಡು, ಪ್ಲಗ್ಗಿನ ಆಕಾರ ಮಾತ್ರ ಒಂದೇ. ಬಣ್ಣದ ಕಾರ್ಡು ಕಳಿಸುವ ಸಂಕೇತದ ಲಯಕ್ಕೆ ಹಸಿರು ಪರದೆ ಒಗ್ಗಲಿಲ್ಲ. ಕೀಂಯ್ ಅಂತ ಕೂಗಿತು, ಹೊಗೆ ಬಂತು, ಸತ್ತಿತು. ಯಜಮಾನರು ಓಡಿ ಬಂದು “ಯಾರ್ರೀ ಚುಚ್ಚಿದ್ದು?” ಎಂದು ಕೂಗಾಡಿದಾಗ ಭಾವ ಅಕ್ಕನ ಮುಖ ನೋಡಿದ. ಅಷ್ಟೇ. ಅಕ್ಕನ ಕೆಲಸ ಹೋಯಿತು.

ಆಮೇಲೆ ಮನೆಗೆ ಬಂದು ಗೋಗರೆದ. “ಯಜಮಾನ್ರಿಗೆ ನಿಜ ಹೇಳ್ತೀನಿ, ನಿನ್ನ ವಾಪಸ್ ಕರೆಸ್ತೀನಿ, ಸ್ವಲ್ಪ ತಡಿ” ಅಂದ. ನಮ್ಮಕ್ಕ ಪೆದ್ದಿ, ನಂಬಿ ಮದುವೆಯನ್ನೂ ಆದಳು. ಅವನು ಹೇಳಲೇ ಇಲ್ಲ. ಯಜಮಾನರೂ ತೀರಿಹೋದರು. ಅಷ್ಟರಲ್ಲಿ ಹದಿನೈದು ಪಿನ್ನಿನ ಬೇರೆ ಪ್ಲಗ್ಗು ಬಂದಿತ್ತು, ಹಳೆಯ ತೂತಿಗೆ ಅದು ಹೋಗುವುದೇ ಇಲ್ಲ. ಯಂತ್ರ ಮಾಡಿದವರು ತಿದ್ದಿಕೊಂಡರು, ಈ ಮಹಾಶಯ ತಿದ್ದಿಕೊಳ್ಳಲಿಲ್ಲ. ಒಂದೇ ಒಂದು ಸಲ, ಯಾರ ಮುಂದಾದರೂ ಸರಿ, ‘ತಪ್ಪು ನನ್ನದು’ ಅನ್ನಲಿ ಎಂದು ಅಕ್ಕ ಕಾದಳು. ಅವಳ ಕೂದಲು ಬೆಳ್ಳಗಾಯಿತು.

ಮೊನ್ನೆ ಅವರ ಮಗಳು ತಾನು ಮದುವೆಯಾಗಲಿರುವ ಹುಡುಗನನ್ನು ಮನೆಗೆ ಕರೆತಂದಳು. ನಾನೂ ಅಲ್ಲೇ ಇದ್ದೆ.

“ಒಳ್ಳೇ ಜೋಡಿ, ಹೊಂದುತ್ತೆ ಬಿಡಪ್ಪ” ಎಂದ ಭಾವ, “ನಿಮ್ಮತ್ತೆ ಪರದೆ ಸುಟ್ಟ ಕಥೆ ಗೊತ್ತಾ?” ಎಂದು ಶುರುಹಚ್ಚಿಕೊಂಡ.

ಅಕ್ಕ ಲೋಟ ಕೆಳಗಿಟ್ಟಳು. “ಆ ಪ್ಲಗ್ಗೂ ಹೊಂದಿತ್ತು. ಚುಚ್ಚು ಅಂದೋರು ಯಾರು, ಅದನ್ನೂ ಹೇಳಿ.”

“ಯಾರಪ್ಪಾ?” ಎಂದಳು ಮಗಳು.

ಭಾವ ಅಕ್ಕನ ಮುಖ ನೋಡಿದ.

“ನೋಡ್ಕೊಂಡ್ಯಾ ಮಗಳೇ?” ಎಂದಳು ಅಕ್ಕ. “ಯಜಮಾನ್ರು ಕೇಳ್ದಾಗ್ಲೂ ಹಿಂಗೇ ನನ್ನ ಮುಖ ನೋಡಿದ್ರು.”