ಮರ್ಯಾದೆ ಕಲಿತ ಕಂಪ್ಯೂಟರ್

ಜೇವರ್ಗಿ ಕಡೆಯ ಬೀಸುವ ಹಾಡುಗಳನ್ನು ಧ್ವನಿಮುದ್ರಿಸಿ ಇಡುವ ಪುಟ್ಟ ಕಚೇರಿಯೊಂದರಲ್ಲಿ ಕಂಪ್ಯೂಟರ್ ತುಂಬಿಹೋಗಿದೆ ಎಂದು ನನ್ನನ್ನು ಕರೆಸಿದ್ದರು. ಅದನ್ನು ನೋಡಿಕೊಳ್ಳುವ ಮಹಾದೇವಕ್ಕ ಪಕ್ಕದಲ್ಲೇ ಕೂತಿದ್ದರು. ಬೇಡದ್ದೆನಿಸಿದ ಫೋಲ್ಡರ್ ಒಂದನ್ನು ಅಳಿಸಲು, ಸಾಮಾನ್ಯವಾಗಿ ಏನೂ ಕೇಳದೆ ಕೆಲಸ ಮುಗಿಸುವ ಲಿನಕ್ಸ್‌ನ ಕಮಾಂಡ್ ಟೈಪ್ ಮಾಡಿದೆ. ಕಪ್ಪು ಪರದೆ ಕೇಳಿತು: "ಖರೇನ ಅಳಸ್ಲೇನ್ರಿ?"

"ಇದಕ್ಕೂ ಮರ್ಯಾದೆ ಕಲಿಸಿದ್ದೀರಾ ಅಕ್ಕಾ?" ಎಂದು ನಕ್ಕೆ.

"ಹೌದ್ರಿ. ಆ ಕಮಾಂಡ್ ಕೊಟ್ರ ಮೊದಲ ಕೇಳೋಹಂಗ ನಾನ ಬರದಿಟ್ಟೇನಿ. ಫೋಲ್ಡರ್ ಹೆಸರು ಇನ್ನೊಮ್ಮೆ ಓದ್ರಿ."

ಓದಿದೆ. ಮೂಲ ಹಾಡುಗಳೆಲ್ಲ ಅದರಲ್ಲೇ ಇದ್ದವು. ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗಿಲ್ಲ. "ಬ್ಯಾಡ" ಎಂದು ಟೈಪ್ ಮಾಡಿದೆ.

ಹೊರಡುವಾಗ, ಹಾಗೆ ಕೇಳುವಂತೆ ನೀವು ಬರೆದಿಟ್ಟ ಸಾಲುಗಳನ್ನು ನನಗೂ ಕೊಡಿ ಎಂದೆ.

"ತಗೋರಿ," ಎಂದರು ಮಹಾದೇವಕ್ಕ. "ನೀವು ಭಾಳ ಕಲತವರು, ನಿಮಗ ಎರಡು ಸಲ ಕೇಳೋಹಂಗ ಮಾಡಿ ಕೊಡ್ತೇನಿ."