ಕೆಟ್ಟ ಆಟದೊಳಗಿನ ದನಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ತಿರುಗುವ ಕಲ್ಲಿಗೆ ಲೆನ್ಸು ಒತ್ತಿ ಹಿಡಿದು ಕೂತಿರುವ ಆ ಮನುಷ್ಯನನ್ನು ನೋಡಿದರೆ, ಇವನೂ ಒಂದು ಕಾಲದಲ್ಲಿ ವಿಡಿಯೋ ಗೇಮ್ ಮಾಡಿದವನು ಎಂದು ಯಾರೂ ಹೇಳಲಾರರು. ಮುಂದಿನ ಕೌಂಟರಿನಲ್ಲಿ ಮಾಲೀಕರು ಗಿರಾಕಿಗೆ ಫ್ರೇಮು ತೋರಿಸಿ, ಒಪ್ಪಿಸಿ, ಅಳತೆಯ ಚೀಟಿ ಒಳಗೆ ಕಳಿಸುತ್ತಾರೆ. ಇವನು ಲೆನ್ಸನ್ನು ಉಜ್ಜಿ, ಅಂಚು ಸವರಿ, ಫ್ರೇಮಿಗೆ ಕೂರಿಸಿ, ಸಾಸಿವೆ ಕಾಳಿನಷ್ಟು ತಿರುಪನ್ನು ಬಿಗಿದು ಹೊರಗೆ ಕೊಡುತ್ತಾನೆ. ಅರ್ಧ ಮಿಲಿಮೀಟರು ಹೆಚ್ಚಾದರೆ ಲೆನ್ಸು ಸೀಳುತ್ತದೆ, ಕಡಿಮೆಯಾದರೆ ಉದುರುತ್ತದೆ. ಇಪ್ಪತ್ತೊಂದು ವರ್ಷದಲ್ಲಿ ಅವನ ಕೈ ತಪ್ಪಿದ್ದಿಲ್ಲ. ಅದಕ್ಕೂ ಮುಂಚೆ ಒಂದೇ ಒಂದು ಸಲ ತಪ್ಪಿತ್ತು, ಅದೂ ಸಣ್ಣದಲ್ಲ, ಒಂದು ಗೇಣು.

ಆಗ ಅವನು ದರ್ಜಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿದ್ದ ಕಂಪನಿಯಲ್ಲಿ ಕೆಲಸಕ್ಕಿದ್ದ. ಏಳು ಜನ, ನಾಲ್ಕು ಕುರ್ಚಿ. ಅವರು ಮಾಡಿದ ಒಂದೇ ಆಟದ ಹೆಸರು ‘ಆಚೆ ದಡ’. ದಾರಿಹೋಕನೊಬ್ಬ ದೀಪ ಹಿಡಿದು ನದಿಯ ಆಚೆ ದಡ ಸೇರಬೇಕು, ನಡುವೆ ಒಂದು ಮರದ ಸೇತುವೆ. ವಿಡಿಯೋ ಗೇಮಿನಲ್ಲಿ ಕಣ್ಣಿಗೆ ಕಾಣುವ ಸೇತುವೆ ಬೇರೆ, ಕಾಲು ಊರುವ ನೆಲ ಬೇರೆ. ಎರಡನ್ನೂ ಬೇರೆ ಬೇರೆ ಮಾಡಿ ಒಂದರ ಮೇಲೊಂದು ಕೂರಿಸಬೇಕು. ಡಿಸ್ಕು ಅಚ್ಚಿಗೆ ಹೋಗುವ ಹಿಂದಿನ ದಿನ ಯಜಮಾನರು ಬಂದು, ಸೇತುವೆ ನೋಡಲು ಚೆನ್ನಾಗಿಲ್ಲ ಎಂದು ತಗಾದೆ ತೆಗೆದರು. ಇವನು ಗಡಿಬಿಡಿಯಲ್ಲಿ ಹೊಸ ಚಿತ್ರ ಬರೆದು ಕೂರಿಸಿದ, ಕೆಳಗಿನ ನೆಲವನ್ನು ಅದಕ್ಕೆ ತಕ್ಕಂತೆ ಒಂದು ಗೇಣು ಸರಿಸಲು ಮರೆತ. ಹೀಗಾಗಿ ಹಲಗೆ ಕಂಡ ಕಡೆ ಹೆಜ್ಜೆ ಇಟ್ಟವರೆಲ್ಲ ಸೀದಾ ನೀರಿಗೆ. ನೂರು ಸಲ ಬಿದ್ದು, ಕಣ್ಣನ್ನು ನಂಬುವುದು ಬಿಟ್ಟು, ಕಾಲಿನ ಅಂದಾಜಿನಲ್ಲಿ ನಡೆದವನಿಗೆ ಮಾತ್ರ ಆಚೆ ದಡ.

ಬಿದ್ದಾಗೆಲ್ಲ ದೋಣಿಯ ಅಜ್ಜಿಯೊಬ್ಬಳು ಎತ್ತಿ ಈಚೆ ದಡಕ್ಕೆ ಹಾಕಿ, “ಬಿದ್ಯಾ ಕಂದಾ? ಏಳು, ಏನೂ ಆಗಿಲ್ಲ” ಅನ್ನುತ್ತಿದ್ದಳು. ಆ ದನಿ ಅವನ ಹೆಂಡತಿಯದು. ಅವಳು ಶಿಶುವಿಹಾರದಲ್ಲಿ ಟೀಚರಾಗಿದ್ದಳು. ದಿನಕ್ಕೆ ನಲವತ್ತು ಸಲ ಆ ಮಾತು ಹೇಳಿ ಹೇಳಿ ನಾಲಿಗೆಗೆ ಹತ್ತಿತ್ತು. ವಯಸ್ಸು ಇಪ್ಪತ್ತೆಂಟು, ಅಜ್ಜಿಯಾಗಲು ಇನ್ನೂ ಬಹಳ ದಿನವಿತ್ತು. ದನಿ ಹಿಡಿಯುವ ದಿನ ಅವಳಿಗೆ ವಿಪರೀತ ನೆಗಡಿ. ಸಾಮಾನಿನ ಕೋಣೆಯಲ್ಲಿ ಹೊರಗಿನ ಸದ್ದು ಬೀಳದಿರಲೆಂದು ತಲೆಯ ಮೇಲೆ ಕಂಬಳಿ ಹೊದಿಸಿ, ಮೈಕು ಕೈಗೆ ಕೊಟ್ಟು ಹೇಳಿಸಿದರು. ಎರಡನೆಯ ಸಲ ಹೇಳಿಸುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ಕಂಪನಿ ನಾಲ್ಕೇ ತಿಂಗಳಲ್ಲಿ ಬಾಗಿಲು ಹಾಕಿತು. ಆಟ ಮಾತ್ರ ಸಾಯಲಿಲ್ಲ. ಹಳೆಯ ಆಟಗಳ ಅಭಿಮಾನಿಗಳ ಕೂಟ ಎಂದು ಇಂಟರ್ನೆಟ್ಟಿನಲ್ಲೊಂದು ಜಾಗ ಇದೆ. ಅಲ್ಲಿ ವರ್ಷಕ್ಕೊಮ್ಮೆ, ಒಂದು ವಾರವಿಡೀ ಓಟು ಹಾಕಿ ಮೂರು ಪಟ್ಟಿ ಮಾಡುತ್ತಾರೆ: ಅಚ್ಚುಮೆಚ್ಚಿನವು, ಮೂಲೆಗುಂಪಾದವು, ಕಂಡರಾಗದವು. ಮೊದಲನೆಯದಕ್ಕೆ ಜಗಳ ಹೆಚ್ಚು, ಎರಡನೆಯದಕ್ಕೆ ನಿಟ್ಟುಸಿರು ಹೆಚ್ಚು, ಮೂರನೆಯದಕ್ಕೆ ಜನ ಹೆಚ್ಚು. ‘ಆಚೆ ದಡ’ ಮೂರನೆಯ ಪಟ್ಟಿಯಲ್ಲಿ ಹನ್ನೊಂದು ವರ್ಷ ಮೊದಲ ಐದರೊಳಗೇ ಇತ್ತು. ಇಷ್ಟು ನಿಷ್ಠೆಯಿಂದ ಯಾರೂ ಯಾವ ಒಳ್ಳೆಯದನ್ನೂ ನೆನಪಿಟ್ಟುಕೊಂಡದ್ದು ನಾನು ಕಂಡಿಲ್ಲ.

ಸೇತುವೆಯನ್ನು ಬೈದಿದ್ದರೆ ಅವನು ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ, ಜನ ಹಿಡಿದುಕೊಂಡದ್ದು ದನಿಯನ್ನು. ‘ನೆಗಡಿ ಅಜ್ಜಿ’ ಎಂದು ಹೆಸರಿಟ್ಟರು. ಮೂಗು ಹಿಡಿದುಕೊಂಡು ಅಣಕಿಸಿದರು. ಫೋನಿನ ರಿಂಗ್‌ಟೋನು ಮಾಡಿಕೊಂಡರು. ತಾವು ಬೀಳುವುದನ್ನೇ ವಿಡಿಯೋ ಮಾಡಿ ಹಾಕಿದರು, ಅದನ್ನು ಲಕ್ಷ ಲಕ್ಷ ಜನ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ಅದನ್ನೆಲ್ಲ ಓದುತ್ತಿದ್ದ. ಡಬ್ಬಿಯನ್ನು ಹಾಗೇ ಮುಚ್ಚಿಟ್ಟು ಮತ್ತೆ ಕಲ್ಲಿನ ಮುಂದೆ ಕೂರುತ್ತಿದ್ದ.

ಯಾಕೆಂದರೆ ಆ ದನಿ ಈಗ ಅವಳಲ್ಲಿ ಇರಲಿಲ್ಲ. ಆಟ ಬಂದ ಆರು ವರ್ಷಕ್ಕೆ ಗಂಟಲಲ್ಲಿ ಗಡ್ಡೆ ಎದ್ದು, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಉಸಿರಿಗೊಂದು ರಂಧ್ರ, ಅದರ ಮೇಲೊಂದು ತೆಳು ಬಟ್ಟೆ. ಶಿಶುವಿಹಾರದ ಕೆಲಸ ಹೋಯಿತು. ಕೈಯಲ್ಲೊಂದು ಬಿಳಿ ಹಲಗೆ, ಒರೆಸುವ ಪೆನ್ನು ಬಂತು. ಮಾತಿನ ಮಲ್ಲಿಯಾಗಿದ್ದವಳು ಎರಡು ಪದ ಬರೆದು, ತೋರಿಸಿ, ಒರೆಸಿ, ಮತ್ತೆ ಎರಡು ಪದ ಬರೆಯುವುದನ್ನು ನೋಡಿ ತಾಳಿಕೊಳ್ಳುವುದಕ್ಕೆ ಅವನಿಗೆ ಎರಡು ವರ್ಷ ಬೇಕಾಯಿತು. ಇಂಥವಳ ದನಿಗೆ ಊರೆಲ್ಲ ನಗುತ್ತಿದೆ ಎಂಬುದು ಅವಳ ಕಿವಿಗೆ ಬೀಳಬಾರದು, ಬೀಳುವ ಮುಂಚೆ ಆ ನಗು ನಿಲ್ಲಬೇಕು. ಬದುಕಿನಲ್ಲಿ ಅವನಿಗೆ ಉಳಿದ ಹಟ ಅದೊಂದೇ.

ಅದಕ್ಕಾಗಿ ‘ಹಳೇ ಚಪ್ಪಲಿ’ ಎಂಬ ಹೆಸರಿನಲ್ಲಿ ಕೂಟಕ್ಕೆ ಸೇರಿದ. ಪ್ರತಿ ವರ್ಷ, ಈ ಆಟ ಇರಬೇಕಾದದ್ದು ಮೂಲೆಗುಂಪಾದವುಗಳ ಪಟ್ಟಿಯಲ್ಲಿ ಎಂದು ಉದ್ದುದ್ದ ಬರೆದ. “ಹೆತ್ತವರಿಗೆ ಹೆಗ್ಗಣ ಮುದ್ದು, ನೀವೇ ಮಾಡಿದ್ದಾ?” ಎಂದು ಯಾರೋ ಕೆಣಕಿದರು. ಇವನು ಜಾಣತನದಿಂದ ಸುಮ್ಮನಿದ್ದ. ಓಟು ಮಾತ್ರ ಅವನದೊಂದನ್ನು ಬಿಟ್ಟು ಎರಡನೆಯದು ಬೀಳಲಿಲ್ಲ.

ಹನ್ನೊಂದನೆಯ ವರ್ಷ ಒಬ್ಬಳು ಒಪ್ಪಿದಳು. ಕೂಟದಲ್ಲಿ ಅವಳ ಹೆಸರು ತಿರುಪು. ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕಟ್ಟುಹಲ್ಲು ತಯಾರಿಸುವ ಕೆಲಸ, ಬಿಡುವಿನಲ್ಲಿ ಕೆಟ್ಟ ಆಟಗಳನ್ನು ರಿಪೇರಿ ಮಾಡುವ ಹುಚ್ಚು. ಅಭಿಮಾನಿಗಳಲ್ಲಿ ಇಂಥವರು ಇದ್ದಾರೆ. ಹತ್ತು ಜನ ಸೇರಿ, ಬಿಟ್ಟಿಯಾಗಿ, ಯಾರೋ ಕೆಡಿಸಿದ್ದನ್ನು ಸರಿ ಮಾಡುತ್ತಾರೆ. ಆದರೆ ಆಟ ಮಾಡಿದವರು ಬದುಕಿದ್ದರೆ ಅವರ ಒಪ್ಪಿಗೆ ಕೇಳಬೇಕು ಎಂದು ಅವರಲ್ಲೊಂದು ಕಟ್ಟುಪಾಡು. ‘ಆಚೆ ದಡ’ ಮಾಡಿದವರು ಯಾರಾದರೂ ಇದ್ದೀರಾ ಎಂದು ಅವಳು ಕೇಳಿದ್ದೇ ತಡ, ‘ಹಳೇ ಚಪ್ಪಲಿ’ ಅವಳೊಬ್ಬಳಿಗೇ ತನ್ನ ಕನ್ನಡಕದ ಅಂಗಡಿಯ ವಿಳಾಸ ಕೊಟ್ಟ.

ಅವಳು ಒಂದು ಮಧ್ಯಾಹ್ನ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಮಾಲೀಕರು ಕುತೂಹಲಕ್ಕೆ ಕೌಂಟರು ಒರೆಸುತ್ತಲೇ ಇದ್ದರು.

“ಸರ್, ಸೇತುವೆ ಸರಿ ಮಾಡ್ತೀವಿ, ಆಟದ ಒಳಗಿನ ಕ್ಯಾಮೆರಾ ಸರಿ ಮಾಡ್ತೀವಿ. ನೀವು ಬೇಡ ಅಂದ್ರೆ ಒಂದು ಹಲಗೆನೂ ಮುಟ್ಟಲ್ಲ.”

“ಮಾಡಿ ತಾಯಿ, ಪುಣ್ಯ ಬರುತ್ತೆ ನಿಮಗೆ.”

“ಆಮೇಲೆ ಆ ಅಜ್ಜಿ.” ತಿರುಪು ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. “ಯಾರು ಸರ್ ಆಕೆ? ಆವಾಗ ಬೇರೆ ಯಾರೂ ಸಿಗ್ಲಿಲ್ವಾ?”

ಮಾಲೀಕರು ಕೈ ನಿಲ್ಲಿಸಿದರು. “ಓ, ನೆಗಡಿ ಅಜ್ಜಿನಾ? ನನ್ನ ಅಳಿಯನ ಫೋನಲ್ಲಿದೆ ಅದು. ನೀವಾ ಮಾರಾಯ್ರೇ ಅದನ್ನ ಮಾಡಿದ್ದು?” ಎಂದು ಮೂಗು ಹಿಡಿದು ಒಂದು ಸಲ ಹೇಳಿಯೂ ತೋರಿಸಿದರು.

‘ಅದು ನನ್ನ ಹೆಂಡತಿ’ ಅನ್ನುವ ಮಾತು ಅವನ ಬಾಯಿಯವರೆಗೆ ಬಂದಿತ್ತು. ಹೇಳಿದ್ದರೆ ಇಬ್ಬರೂ ಪೆಚ್ಚಾಗಿ ಸುಮ್ಮನಾಗುತ್ತಿದ್ದರು, ಅಷ್ಟೇ. ಆದರೆ ಅವನು ನಾಚಿದ. ಇಬ್ಬರ ಎದುರು, ಹಾಡುಹಗಲು, ಅವನಿಗೆ ಹೆಂಡತಿಯ ದನಿಯ ಬಗ್ಗೆ ನಾಚಿಕೆಯಾಯಿತು.

“ಆಫೀಸಲ್ಲಿ ಯಾರೋ ಒಬ್ಬಳು,” ಎಂದ. “ಹೆಸರು ನೆನಪಿಲ್ಲ.”

“ಹಾಗಾದ್ರೆ ಬೇರೆಯವರ ಹತ್ರ ಹೇಳಿಸ್ಬಹುದಾ?”

“ಹೇಳ್ಸಿ.”

ಅವಳು ಅದನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡು, ಅವನ ಹತ್ತಿರವಿದ್ದ ಹಳೆಯ ಡಿಸ್ಕು, ಕಾಗದಗಳನ್ನು ತೆಗೆದುಕೊಂಡು ಹೋದಳು. ಅವನಿಗೆ ಆ ಸಂಜೆ ಹಗುರವಾಯಿತು ಎಂಬುದನ್ನೂ ಹೇಳಿಬಿಡಬೇಕು. ದನಿಯೇ ಇಲ್ಲದಿದ್ದರೆ ನಗುವುದೆಲ್ಲಿ ಎಂದು ಲೆಕ್ಕ ಹಾಕಿಕೊಂಡ. ಮೂಗು ಇಲ್ಲದಿದ್ದರೆ ನೆಗಡಿ ಇಲ್ಲ ಅನ್ನುವ ಬುದ್ಧಿವಂತಿಕೆ.

ಎಂಟು ತಿಂಗಳು ರಿಪೇರಿ ನಡೆಯಿತು. ರೇಡಿಯೋದಲ್ಲಿ ಕತೆ ಓದುವ ಒಬ್ಬಾಕೆ ಅಜ್ಜಿಯ ಮಾತನ್ನು ಹೊಸದಾಗಿ ಹೇಳಿದಳು. ಆ ವರ್ಷದ ಓಟಿನಲ್ಲಿ ‘ಆಚೆ ದಡ’ ಮೂಲೆಗುಂಪಾದವುಗಳ ಪಟ್ಟಿಗೆ ಹಾರಿ ಮೊದಲನೆಯ ಜಾಗದಲ್ಲೇ ಕೂತಿತು. ಇಷ್ಟು ದಿನ ಈ ಮುತ್ತು ಎಲ್ಲಿ ಬಿದ್ದಿತ್ತು ಎಂದು ಬೈದವರೇ ಬರೆದರು. ಹಳೆಯ ವಿಡಿಯೋ ಹಾಕಿ ಒಳ್ಳೆಯ ಆಟದ ಮಾನ ಕಳೆಯಬೇಡಿ ಎಂದು ಕೂಟದವರು ಊರೂರಿಗೆ ಡಂಗುರ ಸಾರಿದರು. ನಕ್ಕವರು ಒಬ್ಬೊಬ್ಬರಾಗಿ ತಮ್ಮ ವಿಡಿಯೋಗಳನ್ನು ತೆಗೆದುಹಾಕಿದರು, ಕೆಲವರು ಕ್ಷಮೆಯನ್ನೂ ಕೇಳಿದರು. ಹನ್ನೆರಡು ವರ್ಷದ ನಗು ಒಂದು ವಾರದಲ್ಲಿ ನಿಂತಿತು.

ಭಾನುವಾರ ಮಧ್ಯಾಹ್ನ ಅವನು ಹೆಂಡತಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪಟ್ಟಿ ತೋರಿಸಿ, ಆಟ ಹಾಕಿಕೊಟ್ಟ. ದನಿ ಬದಲಾದದ್ದನ್ನು ಮೆಲ್ಲಗೆ ತಿಳಿಸಿದರಾಯಿತು ಎಂದುಕೊಂಡಿದ್ದ. ಅವಳು ಸೇತುವೆ ಹತ್ತಿದಳು, ಒಂದು ಸಲವೂ ಬೀಳದೆ ಆಚೆ ದಡ ಮುಟ್ಟಿದಳು. ಮತ್ತೆ ಹಿಂದಿರುಗಿ, ಸೇತುವೆಯ ನಡುವಿಗೆ ಬಂದು, ಬೇಕೆಂದೇ ಪಕ್ಕಕ್ಕೆ ಹೆಜ್ಜೆ ಇಟ್ಟು ನೀರಿಗೆ ಬಿದ್ದಳು.

“ಬಿದ್ಯಾ ಕಂದಾ? ಏಳು, ಏನೂ ಆಗಿಲ್ಲ,” ಅಂದಳು ರೇಡಿಯೋದಾಕೆ. ಅವಳ ದನಿ ಹಾಲಿನ ಹಾಗಿತ್ತು. ಹೆಂಡತಿಯ ತುಟಿಗಳು ಆ ಮಾತಿನ ಜೊತೆಗೇ ಅಲುಗಿದವು.

ಅವಳು ಹಲಗೆ ತೆಗೆದುಕೊಂಡಳು. ‘ಚೆನ್ನಾಗಿ ಹೇಳ್ತಾಳೆ.’

“ನಿನ್ನ ದನಿ ಕೇಳಿ ನಗ್ತಾ ಇದ್ರು ಕಣೇ,” ಎಂದ ಅವನು. “ನಿಂಗೆ ಗೊತ್ತಾಗೋದು ಬೇಡ ಅಂತ...”

ಅವಳು ಬರೆದು, ತೋರಿಸಿ, ಒರೆಸುತ್ತ ಹೋದಳು. ‘ಗೊತ್ತಿತ್ತು.’ ‘ದಿನಾ ಆ ವಿಡಿಯೋ ನೋಡ್ತಿದ್ದೆ, ನೀವು ಅಂಗಡಿಗೆ ಹೋದ ಮೇಲೆ.’ ‘ನಗ್ತಿದ್ರು. ನಕ್ಕು ಎದ್ದು ಮತ್ತೆ ನಡೀತಿದ್ರು.’ ‘ನಮ್ಮ ಮಕ್ಕಳೂ ಹಾಗೇ ತಾನೇ.’ ಕೊನೆಯದನ್ನು ಬರೆಯಲು ಹೊತ್ತು ಹಿಡಿಯಿತು. ‘ಮೂರು ದಿನದಿಂದ ಹುಡುಕ್ತಿದೀನಿ ರೀ. ಒಂದೂ ಎಲ್ಲೂ ಸಿಗ್ತಿಲ್ಲ.’

ಅವನಿಗೆ ಭೂಮಿ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ಸೋಮವಾರ ಲೆನ್ಸು ಮುಟ್ಟುವ ಮೊದಲೇ ಕೂಟಕ್ಕೆ ಬರೆದ: ‘ಹಳೇ ಚಪ್ಪಲಿ’ಯಾದ ನಾನೇ ಆಟ ಮಾಡಿದವನು, ಆ ದನಿ ನನ್ನ ಹೆಂಡತಿಯದು, ಈಗ ಅವಳಿಗೆ ದನಿ ಇಲ್ಲ, ದಯವಿಟ್ಟು ಅದನ್ನೇ ವಾಪಸು ಹಾಕಿ. ಅಲ್ಲಿನ ಪದ್ಧತಿಯಂತೆ ಅದೂ ಓಟಿಗೆ ಹೋಯಿತು. ತಿರುಪು ಸುಳ್ಳು ಹೇಳುವವಳಲ್ಲ. ಅಂಗಡಿಯಲ್ಲಿ ಇವರು ನನಗೆ ಹೇಳಿದ್ದು ಹೀಗೆ ಎಂದು ತನ್ನ ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೆ ಎತ್ತಿ ಬರೆದಳು. ಆಟ ಮೇಲೆ ಬಂದ ಕೂಡಲೇ ಕತೆ ಕಟ್ಟಿಕೊಂಡು ಬಂದ ಮುದುಕ ಎಂದು ಜನ ಉಗಿದರು. ಒಬ್ಬ, ನೆಗಡಿ ಅಜ್ಜಿಗೆ ಗಂಡನೂ ಇದ್ದಾನಂತೆ ಎಂದು ಚಿತ್ರ ಬರೆದು ಹಾಕಿದ. ಇನ್ನೂರ ಹನ್ನೆರಡು ಓಟು ಬೇಡ ಎಂದವು, ಒಂಬತ್ತು ಬೇಕು ಎಂದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ತಿರುಪು ಮಾತ್ರ ಅವನಿಗೊಬ್ಬನಿಗೇ ಹಳೆಯ ದನಿಯ ತುಣುಕನ್ನು ಕಳಿಸಿದ್ದಳು. ‘ನಿಜವೋ ಸುಳ್ಳೋ ಗೊತ್ತಿಲ್ಲ ಸರ್, ನಿಮ್ಮ ಹತ್ರ ಇರಲಿ.’ ಅವನು ಅದನ್ನು ಫೋನಿನಲ್ಲಿ ಹಿಡಿದುಕೊಂಡು ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲಿಟ್ಟು ಕೇಳಿಸಿದ. ಆರು ಸೆಕೆಂಡು. ನೆಗಡಿ, ಕಂಬಳಿ, ಇಪ್ಪತ್ತೆಂಟರ ವಯಸ್ಸು, ಎಲ್ಲ ಇತ್ತು ಅದರಲ್ಲಿ. ಅವಳು ಕೇಳಿ, ‘ಬೀಳೋರೇ ಇಲ್ಲದೆ ಇದನ್ನ ಯಾರಿಗೆ ಹೇಳೋದು?’ ಎಂದು ಬರೆದಳು.

“ಓಟಿಗೆ ಹಾಕಿದ್ರು. ಆಗಲ್ವಂತೆ.”

‘ನಾನು ಅಂತ ಹೇಳಿದ್ರಾ?’

“ಹೇಳ್ದೆ. ನಂಬಲಿಲ್ಲ.”

‘ಯಾಕೆ?’

ಇಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಅವನಿಗೆ ಸಾಕಾಗಿತ್ತು. “ಮೊದಲು ಕೇಳಿದಾಗ ಆಫೀಸಲ್ಲಿ ಯಾರೋ ಒಬ್ಬಳು ಅಂದಿದ್ದೆ. ಹೆಸರು ನೆನಪಿಲ್ಲ ಅಂದೆ.”

ಅವಳು ಪೆನ್ನಿನ ಮುಚ್ಚಳ ತೆಗೆದಳು. ಅವನು ಕಾದ. ಬೈಗುಳವಾದರೂ ಬರಲಿ, ಹಲಗೆ ತುಂಬ ಬರಲಿ ಎಂದು ಬೇಡಿಕೊಂಡ. ಅವಳು ಮುಚ್ಚಳ ಹಾಕಿ, ಹಲಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಒಳಗೆ ಹೋದಳು.

ಇದು ನಡೆದು ನಲವತ್ತು ದಿನವಾಯಿತು. ಅವಳು ಡಬ್ಬಿ ಕಟ್ಟುತ್ತಾಳೆ, ಬಟ್ಟೆ ಮಡಚುತ್ತಾಳೆ, ಅವನು ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ. ಹಲಗೆಯನ್ನು ಅವಳು ಮುಟ್ಟಿಲ್ಲ, ಮುಟ್ಟು ಎಂದು ಹೇಳುವ ಬಾಯಿ ಅವನಿಗೂ ಇಲ್ಲ.