ಉಣ್ಣಿ ಜ್ವರ, ಅಕ್ಕನ ಹಾಲು

ನನ್ನ ಹರೆಯದ ಒಳ್ಳೆಯ ವರ್ಷಗಳು ಎಮ್ಮೆಗಳ ಕಿವಿಯ ಹಿಂದೆ ಕಳೆದವು. ಹೀಗೆ ಹೇಳಿದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಅದು ತೊಂಬತ್ತರ ದಶಕದ ಕೊನೆಯ ಭಾಗ. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿ, ಅಲ್ಲಿಯೇ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದರು, ಅವರ ಹೆಂಡತಿಯೂ ಸೇರಿ. ಸರ್ ಅವರ ವಿಷಯ ಉಣ್ಣಿ. ದನದ ಮೈಗೆ ಕಚ್ಚಿಕೊಂಡು ರಕ್ತ ಹೀರಿ ಔಡಲ ಬೀಜದ ಹಾಗೆ ಉಬ್ಬುತ್ತದಲ್ಲ, ಅದೇ ಉಣ್ಣಿ. ಅದರಿಂದ ಯಾವ ಯಾವ ರೋಗ ಬರುತ್ತವೆ ಎನ್ನುವುದು ಅವರ ಜೀವಮಾನದ ಚಿಂತೆಯಾಗಿತ್ತು.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ಧಾರವಾಡಕ್ಕೆ ಹೋಗುತ್ತಿದ್ದೆ. ಆಗಾಗ ಗಬ್ಬೂರಿನ ಕಡೆ ಹೋಗಿ ಎಮ್ಮೆಗಳ ಮೈಯಿಂದ ಚಿಮಟಿಗೆಯಲ್ಲಿ ಉಣ್ಣಿ ಕಿತ್ತು ಗಾಜಿನ ಸೀಸೆಗೆ ಹಾಕಿಕೊಂಡು ಬರುವುದೂ ನನ್ನದೇ ಕೆಲಸ. ಹುಲ್ಲಿನಲ್ಲಿ ಕಾದು ಕೂತ ಉಣ್ಣಿಗಳಿಗೆ ಬೇರೆ ಉಪಾಯವಿತ್ತು. ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ಹುಲ್ಲಿನ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗಬೇಕು. ದನವೇ ಬಂತೆಂದು ಅವು ಬಟ್ಟೆಗೆ ಹತ್ತುತ್ತವೆ. ಇದಕ್ಕಾಗಿ ಅಪ್ಪನ ಹಳೆಯ ಧೋತರವೊಂದನ್ನು ಹರಿದಿದ್ದೆ. ಒಮ್ಮೆ ಬೈಪಾಸ್ ರಸ್ತೆಯ ಬದಿಯಲ್ಲಿ ನಾನು ಹಾಗೆ ಎಳೆಯುತ್ತಿರುವಾಗ ಒಬ್ಬ ಮುದುಕ ಸೈಕಲ್ಲಿನಿಂದ ಇಳಿದು ಬಹಳ ಹೊತ್ತು ನೋಡಿ, "ಯವ್ವಾ ತಂಗೀ, ಹೊಲಾ ಒರಸಾಕತ್ತೀಯೇನ?" ಎಂದು ಕೇಳಿದ. ಹೌದು ಅಂದೆ. ಬಿಸಿಲಿನಲ್ಲಿ ನಿಂತು ಅಷ್ಟನ್ನೆಲ್ಲ ವಿವರಿಸುವ ಸಹನೆ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆ ದಿನಗಳು ಈಗಲೂ ನೆನಪಾಗುತ್ತವೆ. ಪ್ರಯೋಗಾಲಯದ ಕಿಟಕಿಯಾಚೆ ಧಾರವಾಡದ ಜಿಟಿಜಿಟಿ ಮಳೆ, ಸ್ಪಿರಿಟಿನ ವಾಸನೆ, ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವ್ವ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ. ಬೇಕಾದ ಲೇಖನ ನಮ್ಮ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಅದನ್ನು ಬರೆದವರಿಗೇ ಒಂದು ಕಾರ್ಡು ಹಾಕುವುದು, ದಯವಿಟ್ಟು ಒಂದು ಪ್ರತಿ ಕಳಿಸಿ ಅಂತ. ತಿಂಗಳುಗಟ್ಟಲೆ ಕಾದ ಮೇಲೆ ಯಾವುದೋ ದೇಶದಿಂದ ಕಂದು ಲಕೋಟೆ ಬರುತ್ತಿತ್ತು. ಅಂಚೆಚೀಟಿಯನ್ನು ಮಾತ್ರ ದಾರಿಯಲ್ಲಿ ಯಾರೋ ಕಿತ್ತುಕೊಂಡಿರುತ್ತಿದ್ದರು. ಲಕೋಟೆ ಬಂದ ದಿನ ಸರ್ ಎಲ್ಲರಿಗೂ ಫೇಡೆ ತರಿಸುತ್ತಿದ್ದರು.

ಅಂಥ ಒಂದು ಮಳೆಗಾಲದಲ್ಲಿ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಭಾವ ಸೈನ್ಯದಲ್ಲಿದ್ದರು. ಇಬ್ಬರೂ ಉತ್ತರದ ಬೆಟ್ಟಗಳ ಕಡೆ ಒಂದು ಊರಿನಲ್ಲಿ ಸಂಸಾರ ಹೂಡಿದ್ದರು. ನಮ್ಮ ಅಕ್ಕ ಅಂದರೆ ಓಣಿಗೆಲ್ಲ ಕೇಳುವಂತೆ ನಗುವವಳು. ಅವತ್ತು ರಿಕ್ಷಾ ಇಳಿದವಳು ಹೊಸ್ತಿಲು ದಾಟಲು ಅವ್ವನ ಹೆಗಲು ಹಿಡಿದಳು. ಬಲಗಡೆಯ ಮೊಣಕಾಲು ಊದಿತ್ತು. ಬಿಟ್ಟು ಬಿಟ್ಟು ಜ್ವರ. ಹುಬ್ಬಳ್ಳಿಯ ಡಾಕ್ಟರು ಬಸುರಿಯರಿಗೆ ಇದೆಲ್ಲ ಇದ್ದದ್ದೇ, ವಾತ ಅಂದರು. ಅವ್ವ ಎಣ್ಣೆ ಕಾಯಿಸಿ ತಿಕ್ಕಿದಳು. ಊತ ಇಳಿಯಲಿಲ್ಲ.

ಒಂದು ದಿನ ಅಕ್ಕನ ಕಾಲು ತಿಕ್ಕುವ ಪಾಳಿ ನನ್ನದಾಗಿತ್ತು. ಅವಳು ಮಾತಿಗೆ ಮಾತು ಬಂದು, ಬೇಸಿಗೆಯಲ್ಲಿ ಅಲ್ಲಿ ಹುಲ್ಲುಗಾವಲಿನಲ್ಲಿ ತಿರುಗಾಡಿ ಬಂದ ಮೇಲೆ ತೊಡೆಯ ಮೇಲೆ ಕೆಂಪಗೆ ಬಳೆಯ ಆಕಾರದ ಕಲೆ ಎದ್ದಿತ್ತು, ಅದು ದಿನದಿನಕ್ಕೆ ಅಗಲವಾಗಿ ಆಮೇಲೆ ತಾನೇ ಹೋಯಿತು ಎಂದಳು. ನನ್ನ ಕೈ ನಿಂತುಬಿಟ್ಟಿತು. ಬಳೆಯ ಆಕಾರದ ಆ ಕಲೆಯ ಬಗ್ಗೆ ನಾನು ಓದಿದ್ದೆ. ಉಣ್ಣಿ ಕಚ್ಚಿದಾಗ ಒಳಗೆ ಸೇರುವ ಸುರುಳಿ ಸುರುಳಿಯಾದ ಒಂದು ಸೂಕ್ಷ್ಮಾಣು, ಲೈಮ್ ಎಂಬ ರೋಗ. ನಮ್ಮ ಕಡೆ ಯಾರೂ ಅದರ ಹೆಸರನ್ನೇ ಕೇಳಿರಲಿಲ್ಲ. ಊರೆಲ್ಲ ಉಣ್ಣಿ ಹುಡುಕಿದ ನನಗೆ ಅದರ ರೋಗ ನಮ್ಮ ನಡುಮನೆಯಲ್ಲೇ ಸಿಕ್ಕಿತ್ತು.

ಮರುದಿನ ಸರ್‌ಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಕಣ್ಣಿನಲ್ಲಿ ಹೊಳಪು. ಆಮೇಲೆ ನನ್ನ ಮುಖ ನೋಡಿ ನಾಚಿಕೊಂಡು ಕೂತರು. ನನಗೆ ಕೆಟ್ಟ ಸಿಟ್ಟು ಬಂದಿತ್ತು, ಆದರೆ ಅವರೇ ಪರಿಚಯದ ವೈದ್ಯರೊಬ್ಬರಿಗೆ ತೋರಿಸಿ, ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿ, ಉತ್ತರ ತರಿಸಿದರು. ಇರಬಹುದು ಎಂದು ಬಂತು. ಬಸುರಿಗೆ ಕೊಡಬಹುದಾದ ಗುಳಿಗೆಗಳನ್ನು ವೈದ್ಯರು ಕೆಲವು ವಾರ ಕೊಟ್ಟರು. ಜ್ವರ ಹೋಯಿತು. ಊತವೂ ಇಳಿಯಿತು. ನೋವು ಮಾತ್ರ ಉಳಿಯಿತು.

ಅಲ್ಲಿಂದ ತೊಂದರೆ ಶುರುವಾಯಿತು. ಔಷಧಿ ಮುಗಿದ ಮೇಲೂ ನೋವು ಯಾಕಿದೆ? ರೋಗ ಇನ್ನೂ ಒಳಗೇ ಕೂತಿದೆಯೇ? ಕೂತಿದ್ದರೆ ಇನ್ನೊಬ್ಬರಿಗೆ ಹತ್ತುತ್ತದೆಯೇ, ಹುಟ್ಟುವ ಕೂಸಿಗೆ? ಅಪ್ಪ ಈ ಪ್ರಶ್ನೆಗಳನ್ನು ಹಿಡಿದುಕೊಂಡು, ಒಂದು ದಿನ ಅಂಗಡಿ ಬಿಟ್ಟು ನನ್ನ ಜೊತೆ ಧಾರವಾಡದ ಬಸ್ಸು ಹತ್ತಿದರು. ಅಪ್ಪನದು ಹತ್ತಿಯ ವ್ಯಾಪಾರ. ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ ಅದು ಯಾವ ಹೊಲದ್ದೆಂದು ಹೇಳುವ ಹಮ್ಮು ಅವರಿಗಿತ್ತು. ಅರ್ಧ ಸಲ ತಪ್ಪುತ್ತಿತ್ತು, ಅದು ಬೇರೆ ಮಾತು.

ಸರ್ ಎದುರು ಕೂತು ಅಪ್ಪ ನೆಟ್ಟಗೆ ಕೇಳಿದರು. "ಸರ್, ಈ ಬ್ಯಾನಿ ಒಬ್ರಿಂದ ಒಬ್ರಿಗೆ ಬರತೈತೇನ್ರಿ?"

ಸರ್ ಕನ್ನಡಕ ತೆಗೆದರು. ಒರೆಸಿದರು. ಕಿಟಕಿಯಾಚೆ ನೋಡಿದರು. ಪಾಪ, ಅವರು ಪ್ರಾಮಾಣಿಕರು. ತಲೆಯೊಳಗೆ ಓದಿದ್ದನ್ನೆಲ್ಲ ತೂಗಿ ನೋಡುತ್ತಿದ್ದರು. ಕೊನೆಗೆ, "ಮುಟ್ಟಿದ್ರ, ಕೂಡಿ ಉಂಡ್ರ ಬರೂದಿಲ್ರಿ. ಉಳಿದದ್ದರ ಬಗ್ಗೆ ಖಚಿತ ಹೇಳಲಿಕ್ಕೆ ಆಗೂದಿಲ್ಲ. ಇನ್ನೂ ಸಂಶೋಧನೆ ನಡದದ" ಎಂದರು.

ಅಪ್ಪ ಕೈಮುಗಿದು ಎದ್ದುಬಿಟ್ಟರು. ಬಸ್ಸಿನಲ್ಲಿ ಟಿಕೀಟು ಮಡಿಚಿ ಕಿಸೆಗೆ ಹಾಕಿಕೊಂಡು, "ಬರತೈತಿ" ಅಂದರು.

"ಅಪ್ಪಾ, ಅವರು ಹಂಗ ಅಂದೇ ಇಲ್ಲ."

"ಅನ್ನಲಿಲ್ಲ, ಖರೇ. ಮಾಲು ಛಲೋ ಇದ್ದಾಂವ ಅಷ್ಟೊತ್ತು ವಿಚಾರ ಮಾಡೂದಿಲ್ಲವ್ವಾ. ನೀ ಸಾಲಿ ಕಲ್ತೀ, ನಾ ಬಜಾರ ಕಲ್ತೇನಿ."

ಹತ್ತಿ ಬಜಾರಿನ ರೂಢಿ ಹಾಗಿತ್ತು. ಮಾಲು ತೊಯ್ದಿದೆಯೇ ಎಂದು ಕೇಳಿದಾಗ ದಲಾಲ ತಟ್ಟನೆ ಇಲ್ಲ ಅಂದರೆ ವ್ಯವಹಾರ. ಅತ್ತಿತ್ತ ನೋಡಿ ತಡೆದು ಮಾತಾಡಿದರೆ ಯಾರೂ ಮುಂದೆ ಕೇಳುವುದಿಲ್ಲ, ಚಹಾ ಕುಡಿದು ಎದ್ದು ಹೋಗುತ್ತಾರೆ. ಮುಖದ ಮೇಲೆ ಕೆಟ್ಟದ್ದನ್ನು ಹೇಳದಿರುವುದು ಅಲ್ಲಿಯ ಮರ್ಯಾದೆ. ಅಪ್ಪ ಸರ್ ಅವರನ್ನು ಬಹಳ ಮರ್ಯಾದಸ್ಥ ದಲಾಲ ಎಂದು ತಿಳಿದುಕೊಂಡರು.

ಮನೆಯಲ್ಲಿ ಯಾರೂ ಅಕ್ಕನಿಗೆ ಒಂದು ಬಿರುಸು ಮಾತು ಆಡಲಿಲ್ಲ. ಅವಳ ತಾಟು, ಲೋಟ ಬೇರೆಯಾದವು. ಹಾಸಿಗೆ ಪಡಸಾಲೆಯ ಮೂಲೆಗೆ ಹೋಯಿತು, ಗಾಳಿ ಚೆನ್ನಾಗಿ ಬರುತ್ತದೆ ಎಂಬ ನೆಪದಲ್ಲಿ. ಹೆರಿಗೆಗೆ ಮೊದಲು ಕೂಸಿನ ಸಾಮಾನು ತರಬಾರದು ಎನ್ನುವ ನಮ್ಮ ಮನೆಗೆ ಅಪ್ಪ ಹಾಲು ಕುಡಿಸುವ ಬಾಟಲಿ ತಂದು ಕಪಾಟಿನಲ್ಲಿಟ್ಟರು. ತಾಯಿಯ ಹಾಲು ಬೇಡ, ಆಕಳ ಹಾಲು ಸಾಕು ಎಂದು ಅವ್ವನಿಗೆ ಅಡುಗೆಮನೆಯಲ್ಲಿ ಹೇಳಿದ್ದು ನಮ್ಮ ಪುಟ್ಟ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.

ಅಕ್ಕ ಅವತ್ತು ನನ್ನ ಕೈ ಹಿಡಿದು, "ನೋವು ಇರ್ಲಿ, ಕುಂಟಿಕೋತ ಇರ್ತೇನಿ. ಕೂಸಿಗೆ ಮಲಿ ಕುಡಸಬ್ಯಾಡ ಅನ್ನಾಕತ್ತಾರಲ್ಲ, ಅದನ್ನ ಹ್ಯಾಂಗ ತಡಕೊಳ್ಳಲೇ?" ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮದುವೆಯಲ್ಲಿ ಕೂಡ ಅವಳು ಅಳದೆ ಎಲ್ಲರಿಂದ ಬೈಸಿಕೊಂಡಿದ್ದಳು.

ಕುಬಸದ ದಿನ, ಅಂದರೆ ಸೀಮಂತ, ಬಂತು. ಹಸಿರು ಸೀರೆ, ಹಸಿರು ಬಳೆ, ಮುಡಿತುಂಬ ಹೂವು. ಉಡಿ ತುಂಬಿದ ಮೇಲೆ ಬಸುರಿಯ ಜೊತೆ ಮುತ್ತೈದೆಯರು ಒಂದೇ ತಾಟಿನಲ್ಲಿ ಕೂತು ಉಣ್ಣುವುದು ನಮ್ಮ ಮನೆಯ ಪದ್ಧತಿ. ತಾಟಿನಲ್ಲಿ ಕಡಬು, ಹೋಳಿಗೆ, ಮೊಸರುಬುತ್ತಿ ಎಲ್ಲ ಇತ್ತು. ಕರೆದರೆ ಒಬ್ಬ ಅತ್ತೆಗೆ ಉಪವಾಸ ನೆನಪಾಯಿತು, ಇನ್ನೊಬ್ಬರಿಗೆ ಹಲ್ಲು ನೋವು. ಅವ್ವ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಯಾರ ಮುಖವನ್ನೂ ನೋಡದೆ, ಅಕ್ಕನ ಎದುರು ಕೂತು ಅದೇ ತಾಟಿನಿಂದ ಉಂಡಳು. ಆಮೇಲೆ ಗೋಡೆಯಾಚೆ ಮುಸಲ್ಮಾನರ ಮನೆಯ ಖಾಲಾ, ಮೂವತ್ತು ವರ್ಷದಿಂದ ನಮ್ಮೊಂದಿಗೆ ಹಬ್ಬ ಹಂಚಿಕೊಂಡವರು, "ನನಗೂ ಒಂದ ತುತ್ತ ಕೊಡವಾ" ಅಂತ ಬಂದು ಕೂತರು. ಅಪ್ಪ ಹೊರಗೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು.

ನನಗೆ ತಡೆಯಲಾಗಲಿಲ್ಲ. ಮರುದಿನ ಸರ್ ಕೋಣೆಗೆ ನುಗ್ಗಿ, "ನಿಮ್ಮ ಖಚಿತ ಇಲ್ಲ ಅನ್ನೂ ಮಾತಿನಿಂದ ನಮ್ಮ ಮನಿ ಹಾಳಾಗೇದ, ನೀವ ಬಂದು ಸರಿಮಾಡ್ರಿ" ಎಂದೆ. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಹೊರಗೆ ಹಾಕುತ್ತಿದ್ದರು. ಸರ್ ಕೊಡೆ ತೆಗೆದುಕೊಂಡು ನನ್ನ ಜೊತೆ ಹೊರಟರು.

ಅಪ್ಪನಿಗೆ ಅವರು ಬಹಳ ಹೊತ್ತು ತಿಳಿಸಿ ಹೇಳಿದರು. ಔಷಧಿ ಮುಗಿದ ಮೇಲೂ ಈ ಸೂಕ್ಷ್ಮಾಣು ಎಲ್ಲೋ ಅಡಗಿ ಬದುಕಿರುತ್ತದೆ ಎಂದು ಕೆಲವರು ಅನ್ನುತ್ತಾರೆ. ಸತ್ತ ಸೂಕ್ಷ್ಮಾಣುವಿನ ಚೂರುಗಳು ಮಾತ್ರ ಉಳಿದಿರುತ್ತವೆ, ಅದಕ್ಕೇ ಮೈ ಸಿಟ್ಟಾಗಿ ನೋಯುತ್ತದೆ ಎಂದು ಇನ್ನು ಕೆಲವರು. "ಮದುವಿ ಮುಗದ ಮ್ಯಾಲೂ ಅಂಗಳದಾಗ ಅಕ್ಕಿಕಾಳ ಬಿದ್ದಿರ್ತಾವಲ್ರಿ, ಹಂಗ. ಬೀಗರು ಇನ್ನೂ ಇದ್ದಾರೋ ಹೋಗ್ಯಾರೋ ಅನ್ನೂದ ಪ್ರಶ್ನೆ." ಬಸುರಿನಲ್ಲಿ ಕೂಸಿಗೆ ದಾಟಬಹುದು ಎಂಬ ಅಂಜಿಕೆಗೆ ಔಷಧಿ ಆಗಿದೆ. ಹಾಲಿನಿಂದ ಕೂಸಿಗೆ ಬಂದದ್ದನ್ನು ತಾವು ಎಲ್ಲೂ ಓದಿಲ್ಲ ಎಂದರು.

ಅಪ್ಪ ಎಲ್ಲ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ ಸರ್. ನಿಮ್ಮ ಮಗಳ ಆಗಿದ್ರ?" ಅಂದರು.

"ಕುಡಸು ಅಂತಿದ್ದೆ" ಎಂದರು ಸರ್, ಮಾತು ಮುಗಿಯುವ ಮೊದಲೇ.

ಅಪ್ಪ ಎದ್ದು ಒಳಗೆ ಹೋಗಿ ಕಪಾಟಿನ ಬಾಟಲಿ ತೆಗೆದು ಖಾಲಾನ ಮೊಮ್ಮಗನಿಗೆ ಕೊಟ್ಟು ಬಂದರು. ಸರ್‌ಗೆ ಗಿರ್ಮಿಟ್, ಚಹಾ ಆಯಿತು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡು ನಾನು ಹಿಗ್ಗಿದೆ.

ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಕಪ್ಪು ಕೂದಲು, ಗಟ್ಟಿ ದನಿ. ಆಸ್ಪತ್ರೆಯಲ್ಲಿ ಅವ್ವ ಕೂಸನ್ನು ಎತ್ತಿ ಅಕ್ಕನ ತೊಡೆಯ ಮೇಲೆ ಇಟ್ಟಳು. ಅಕ್ಕ ಸೆರಗು ಸರಿಸಲಿಲ್ಲ. ಗೋಡೆಯ ಕಡೆ ಮುಖ ಮಾಡಿ, "ಆಕಳ ಹಾಲ ತರಸು" ಅಂದಳು. ಅವ್ವ ಬೈದಳು, ರಮಿಸಿದಳು. ಬಾಗಿಲಲ್ಲಿ ನಿಂತ ಅಪ್ಪ, "ಕುಡಸವ್ವಾ, ಏನೂ ಆಗೂದಿಲ್ಲ, ನಂದ ತಪ್ಪಾತು" ಎಂದರು. ಅಪ್ಪನ ಬಾಯಲ್ಲಿ ಆ ಮಾತು ಕೇಳಿದ್ದು ನಾನು ಅದೊಂದೇ ಸಲ. ಅಕ್ಕ ಅಲ್ಲಾಡಲಿಲ್ಲ. ಅಷ್ಟು ದಿನ ನಾವು ಅವಳ ಕಿವಿಯ ಮೇಲೆ ಹಾಕಿದ್ದ ಅಂಜಿಕೆ ಈಗ ಅವಳದೇ ಆಗಿಬಿಟ್ಟಿತ್ತು. ಕೂಸು ಅತ್ತು ಅತ್ತು ಕೆಂಪಾಯಿತು.

ಕೊನೆಗೆ ಅವಳು ನನ್ನನ್ನು ನೋಡಿದಳು. "ನೀ ಓದಿದಾಕಿ. ನೀ ಹೇಳ. ಖಚಿತ ಹೇಳ."

ಸಂಶೋಧನೆಗೆ ಸೇರಿದ ಮೊದಲ ದಿನದಿಂದ ಸರ್ ನನಗೆ ಕಲಿಸಿದ್ದು ಒಂದೇ, ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಬೇಡ. ನಾನು ಕಾರ್ಡು ಬರೆದು ತರಿಸಿ ಓದಿದ ಯಾವ ಲೇಖನದಲ್ಲೂ ಅವಳು ಕೇಳಿದ ಮಾತಿಗೆ ಖಚಿತ ಉತ್ತರ ಇರಲಿಲ್ಲ. ಹಾಲಿನಿಂದ ಬಂದದ್ದನ್ನು ಯಾರೂ ಕಂಡಿರಲಿಲ್ಲ, ಅಷ್ಟೇ. ಬರುವುದೇ ಇಲ್ಲ ಎಂದು ಯಾರೂ ಬರೆದುಕೊಟ್ಟಿರಲಿಲ್ಲ.

"ಬರೂದಿಲ್ಲ ಅಕ್ಕಾ. ಖಚಿತ. ಕುಡಸು" ಎಂದೆ.

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಸೆರಗು ಸರಿಸಿ, ಕೂಸನ್ನು ಎದೆಗೆ ಹಚ್ಚಿಕೊಂಡಳು. ಅಳು ನಿಂತಿತು. ಅವ್ವ ಹೊರಗೆ ಹೋಗಿ ಅತ್ತಳು.

ಅದಾದ ಎಷ್ಟೋ ವರ್ಷಗಳ ಮೇಲೆ, ಭಾವ ನಿವೃತ್ತರಾಗಿ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಮನೆ ಮಾಡಿದ್ದರು. ನಾನು ಆಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಉಣ್ಣಿ ಬಿಟ್ಟಿದ್ದೆ, ಆದರೆ ಆ ರೋಗದ ಬಗ್ಗೆ ಏನು ಬಂದರೂ ಹುಡುಕಿ ಓದುವ ಚಟ ಬಿಟ್ಟಿರಲಿಲ್ಲ. ಔಷಧಿಯ ನಂತರ ಒಳಗೆ ಏನು ಉಳಿಯುತ್ತದೆ ಎಂಬ ಜಗಳ ಇನ್ನೂ ನಡೆದೇ ಇತ್ತು. ಹಾಲಿನಿಂದ ಹರಡಿದ್ದನ್ನು ಆಗಲೂ ಯಾರೂ ಕಂಡಿರಲಿಲ್ಲ. ಒಂದು ಸಂಜೆ ಅಕ್ಕನ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆವು. ಅವಳು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಮಗಳು ಒಳಗೆ ಸ್ನೇಹಿತೆಯರ ಜೊತೆ ಓಣಿಗೆಲ್ಲ ಕೇಳುವಂತೆ ನಗುತ್ತಿದ್ದಳು. ನಾನು ಓದಿದ್ದನ್ನೆಲ್ಲ ಹೇಳಿ, ಅವತ್ತು ಆಸ್ಪತ್ರೆಯಲ್ಲಿ ನಾನು ಹೇಳಿದ ಮಾತಿನ ಕಡೆ ಬರುವಷ್ಟರಲ್ಲಿ ಅವಳು ನನ್ನ ಕೈ ಒತ್ತಿದಳು.

"ಅವತ್ತ ನಿನಗೂ ಗೊತ್ತಿರಲಿಲ್ಲ. ಅದು ನನಗ ಅವಾಗ ತಿಳದಿತ್ತಲೇ, ನಿನ್ನ ತುಟಿ ನಡಗಾಕತ್ತಿತ್ತು" ಎಂದಳು. "ಆದ್ರ ಕೂಸಿಗೆ ಏನರ ಆಗಿದ್ರ ಅದನ್ನ ಹೊರಾಕ ನನ್ನ ಜೋಡಿ ನೀನೂ ನಿಂತೀ ಅಂತ ಕುಡಿಸಿದೆ."